ಬಿಸಿಯ ಸಾಕ್ಷಿಗೆ ಪಾಟಿಸವಾಲು

ಬಚ್ಚಲ ಹಂಡೆಯ ನೀರು ಕಾದಿದೆಯೆ ಎಂದು ತಿಳಿಯಬೇಕಾದರೆ ನೀವು ಬೆರಳನ್ನು ಅದ್ದಿ ನೋಡುತ್ತೀರಿ. ಆಸ್ಪತ್ರೆಯ ಅಥವಾ ಕಾರ್ಖಾನೆಯ ಬಾಯ್ಲರಿಗೆ ಈ ಉಪಾಯ ಸಲ್ಲದು. ಅದು ಮುಚ್ಚಿದ ಉಕ್ಕಿನ ಪಾತ್ರೆ. ಒಳಗಿರುವುದು ಒತ್ತಡಕ್ಕೆ ಸಿಕ್ಕ ಬಿಸಿನೀರು ಅಥವಾ ಉಗಿ. ಅನೇಕ ಬಾಯ್ಲರುಗಳಲ್ಲಿ ಬೆರಳಿನ ಕೆಲಸವನ್ನು ಸೆನ್ಸರ್ ಎಂಬ ಸಣ್ಣ ಸಾಧನವು ಮಾಡುತ್ತದೆ. ಅದರ ಮಾತನ್ನು ನಂಬಿ ನಿಯಂತ್ರಕವು ಉರಿಯನ್ನು ಹೆಚ್ಚಿಸುತ್ತದೆ, ತಗ್ಗಿಸುತ್ತದೆ, ಮಿತಿ ಮೀರಿದರೆ ಆರಿಸಿಬಿಡುತ್ತದೆ. ಆದರೆ ಆ ಸಾಕ್ಷಿಯೇ ಸುಳ್ಳು ಹೇಳಿದರೆ ಗತಿಯೇನು? ಈ ಪ್ರಶ್ನೆಗೆ ಉತ್ತರ ಹುಡುಕಿದವರ ಕಥೆ ಸ್ವಾರಸ್ಯವಾಗಿದೆ.

ಲೋಹವು ಕಾದಂತೆಲ್ಲ ಅದರಲ್ಲಿ ವಿದ್ಯುತ್ತಿನ ಹರಿವಿಗೆ ತಡೆ ಹೆಚ್ಚುತ್ತದೆಂಬುದನ್ನು ಇಂಗ್ಲೆಂಡಿನ ಹಂಫ್ರಿ ಡೇವಿಯು 1821ರಲ್ಲಿ ತೋರಿಸಿದನು. ಈ ತಡೆಗೆ ರೋಧವೆಂದು ಹೆಸರು. ಅದನ್ನು ಅಳೆಯುವ ಮಾನ ಓಮ್. ರೋಧವನ್ನು ಅಳೆದರೆ ಬಿಸಿಯನ್ನು ಅಳೆದಂತೆಯೇ ಅಲ್ಲವೆ? ಹೀಗೆ ಯೋಚಿಸಿ ಅದನ್ನು ಕೆಲಸಕ್ಕೆ ಹಚ್ಚಿದವನು, ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ವಿಲಿಯಂ ಸೀಮನ್ಸ್.

1860ರಲ್ಲಿ ರಂಗೂನು ಸಿಂಗಾಪುರಗಳ ನಡುವೆ ಹಾಸಲೆಂದು ತಯಾರಾದ ಸಮುದ್ರತಂತಿಯನ್ನು ಇಂಗ್ಲೆಂಡಿನಲ್ಲಿ ಹಡಗಿನ ಒಡಲೊಳಗೆ ಸುತ್ತಿ ಇರಿಸಿದ್ದರು. ಅದರ ಹೊದಿಕೆ ಗಟ್ಟಾಪರ್ಚ ಎಂಬ ಮರದ ಅಂಟು. ಬಿಸಿ ತಾಗಿದರೆ ಮೆತ್ತಗಾಗುವ ವಸ್ತು. ಸೀಮನ್ಸನು ಆ ಸುತ್ತುಗಳ ನಡುನಡುವೆ ತಂತಿಯ ಸುರುಳಿಗಳನ್ನು ಹುದುಗಿಸಿ, ಅವುಗಳ ರೋಧವನ್ನು ಹೊರಗಿನಿಂದಲೇ ಅಳೆದನು. ಕಣ್ಣಿಗೆ ಕಾಣದ ಒಳಭಾಗವು ತಾನಾಗಿಯೇ ಕಾವೇರುತ್ತಿರುವ ಸಂಗತಿ ಬಯಲಾಯಿತು.

ಮುಂದೆ 1871ರಲ್ಲಿ ಅವನು ಕುಲುಮೆಯ ಉರಿಯನ್ನು ಅಳೆಯಲು ಪ್ಲಾಟಿನಮ್ ತಂತಿಯನ್ನು ಸೂಚಿಸಿದನು. ಬ್ರಿಟಿಷ್ ಅಸೋಸಿಯೇಷನ್ನಿನ ಸಮಿತಿಯೊಂದು ಅದನ್ನು ಪರೀಕ್ಷಿಸಿ 1874ರಲ್ಲಿ ವರದಿ ಕೊಟ್ಟಿತು: ಕುಲುಮೆಗೆ ಹೋಗಿ ಬಂದ ಸುರುಳಿಯು ಆರಿದ ಮೇಲೆ ಮೊದಲಿನ ರೋಧವನ್ನೇ ತೋರುತ್ತಿರಲಿಲ್ಲ. ಸಾಕ್ಷಿಯು ಮಾತು ತಪ್ಪಿತು. ಅದರ ಮೇಲಿನ ವಿಶ್ವಾಸ ಕುಗ್ಗಿತು.

ಆ ಮರ್ಯಾದೆಯನ್ನು ಮರಳಿ ತಂದವನು ಹ್ಯೂ ಕ್ಯಾಲೆಂಡರ್. ಕೇಂಬ್ರಿಜ್ಜಿನಲ್ಲಿ ಮೊದಲು ಗ್ರೀಕ್ ಲ್ಯಾಟಿನ್ ಭಾಷೆಗಳನ್ನೂ ಬಳಿಕ ಗಣಿತವನ್ನೂ ಓದಿ ಉನ್ನತ ಶ್ರೇಣಿ ಪಡೆದ ತರುಣನೀತ. ಭಾಷೆ ಕಲಿತವನು ಯಂತ್ರದ ಗೊಡವೆಗೆ ಹೋಗಬಾರದೆಂದು ಹೇಳುವವರಿಗೆ ನಾನು ಇವನ ಹೆಸರನ್ನೇ ಹೇಳುತ್ತೇನೆ. ತಪ್ಪು ಪ್ಲಾಟಿನಮ್ಮಿನದಲ್ಲ, ಅದನ್ನು ಕೆಡಿಸುವ ಸಹವಾಸದ್ದು ಎಂದು 1887ರಲ್ಲಿ ಪ್ರಕಟವಾದ ಅವನ ಪ್ರಯೋಗಗಳು ತೋರಿದವು. ಶುದ್ಧವಾದ ತಂತಿಯನ್ನು ಅಭ್ರಕದ ಮೇಲೆ ಸುತ್ತಿ, ಹೊಗೆ ತಾಗದಂತೆ ಕೊಳವೆಯೊಳಗಿಟ್ಟರೆ ಅದು ಮಾತಿಗೆ ತಪ್ಪದು. 1927ರಲ್ಲಿ ಅಂತರರಾಷ್ಟ್ರೀಯ ಉಷ್ಣತಾಮಾನವನ್ನು ಗೊತ್ತುಪಡಿಸಿದಾಗ, ಸೊನ್ನೆಯ ಕೆಳಗೆ 190 ಡಿಗ್ರಿಯಿಂದ ಮೇಲೆ 660 ಡಿಗ್ರಿ ಸೆಂಟಿಗ್ರೇಡಿನವರೆಗೆ ಈ ತಂತಿಯೇ ಪ್ರಮಾಣವೆನಿಸಿತು.

ಈಗ ಬಾಯ್ಲರಿಗೆ ಬರೋಣ. ಇಂದು ಬಳಕೆಯಲ್ಲಿರುವ ಸಾಮಾನ್ಯ ಪ್ಲಾಟಿನಮ್ ಸೆನ್ಸರಿನ ರೋಧ ಸೊನ್ನೆ ಡಿಗ್ರಿಯಲ್ಲಿ 100 ಓಮ್, ನೂರು ಡಿಗ್ರಿಯಲ್ಲಿ 138.5 ಓಮ್. ಗೋಡೆಯ ಮೇಲಿನ ನಿಯಂತ್ರಕಕ್ಕೆ ನೀರಿನ ಪರಿಚಯವಿಲ್ಲ. ಅದು ಬಲ್ಲದ್ದು ಓಮುಗಳನ್ನು ಮಾತ್ರ. ಪರೀಕ್ಷಕನು ಹಿಡಿಯುವ ಗುಟ್ಟು ಇದೇ. ಮೊದಲು ಉರಿಯ ಇಂಧನವನ್ನು ನಿಲ್ಲಿಸುತ್ತಾನೆ. ಸೆನ್ಸರನ್ನು ಬಿಚ್ಚಿ, ಆ ಸ್ಥಾನದಲ್ಲಿ ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಕಾಣುವಂಥ ರೆಸಿಸ್ಟೆನ್ಸ್ ಬಾಕ್ಸನ್ನು ಜೋಡಿಸಿ 138.5ಕ್ಕೆ ತಿರುಗಿಸುತ್ತಾನೆ. ಬಾಯ್ಲರ್ ತಣ್ಣಗಿದೆ, ಆದರೂ ನಿಯಂತ್ರಕವು ನೂರು ಡಿಗ್ರಿ ಎನ್ನಬೇಕು. ಅಂದರೆ ಅದು ನಿರಪರಾಧಿ. ಹಾಗೆಯೇ ಮೆಲ್ಲಮೆಲ್ಲನೆ ಏರಿಸುತ್ತ ಹೋದರೆ, ಉರಿಯನ್ನು ಆರಿಸುವ ಆಜ್ಞೆ ಯಾವ ಅಂಕಿಯಲ್ಲಿ ಹೊರಡುತ್ತದೆಂಬುದೂ ತಿಳಿಯುತ್ತದೆ.

ಪೆಟ್ಟಿಗೆಯನ್ನು ಒಮ್ಮೆ ಸೆನ್ಸರಿನ ಬಳಿ, ಒಮ್ಮೆ ನಿಯಂತ್ರಕದ ಬಳಿ ಜೋಡಿಸಿದಾಗ ಅಂಕಿಗಳು ಬೇರೆಯಾದರೆ ದೋಷ ನಡುವಣ ತಂತಿಯದು. ತಂತಿಯಲ್ಲಿ ಒಂದೇ ಓಮ್ ಹೆಚ್ಚಿದರೂ ಎರಡೂವರೆ ಡಿಗ್ರಿಗೆ ಮೀರಿದ ತಪ್ಪು ಬರುತ್ತದೆ. ಸೀಮನ್ಸನು 1871ರಲ್ಲಿಯೇ ಮೂರನೆಯ ತಂತಿಯನ್ನು ಜೋಡಿಸಿ ಈ ತಪ್ಪನ್ನು ಕಳೆಯುವ ಬಗೆಯನ್ನು ತೋರಿಸಿದ್ದನು. ಇನ್ನು ಬಿಚ್ಚಿದ ಸೆನ್ಸರಿನ ವಿಚಾರಣೆ: ಕರಗುತ್ತಿರುವ ಮಂಜುಗಡ್ಡೆಯಲ್ಲಿ ಇಟ್ಟರೆ ಅದು 100 ಓಮ್ ತೋರಬೇಕು.

ವ್ಯಾಕರಣದ ಮೇಷ್ಟರಾದ ನನಗೆ ಇದು ಹಳೆಯ ಪರಿಚಯದ ವಿಷಯವೇ. ಮಳೆ, ಕಾಲ ಎಂಬ ಪದಗಳು ಸೇರಿ ಮಳೆಗಾಲವಾಗುವಾಗ ಕಕಾರದ ಸ್ಥಾನಕ್ಕೆ ಗಕಾರ ಬರುತ್ತದೆ. ಸ್ಥಾನ ಬಿಟ್ಟದ್ದು ಸ್ಥಾನಿ, ಬಂದದ್ದು ಆದೇಶ. ಫ್ರಾನ್ಸಿನ ಬೋರ್ಡಾ ಎಂಬವನು ಹದಿನೆಂಟನೆಯ ಶತಮಾನದಲ್ಲಿ ತಕ್ಕಡಿಯಲ್ಲಿ ನಡೆಸಿದ್ದೂ ಇದನ್ನೇ: ತೂಗಬೇಕಾದ ವಸ್ತುವಿಗೆ ಇನ್ನೊಂದು ತಟ್ಟೆಯಲ್ಲಿ ಸಮತೂಕ ಮಾಡಿ, ವಸ್ತುವನ್ನು ತೆಗೆದು ಅದೇ ತಟ್ಟೆಯಲ್ಲಿ ಬಟ್ಟುಗಳನ್ನಿಟ್ಟನು. ತಕ್ಕಡಿ ಓರೆಯಾಗಿದ್ದರೂ ತೂಕ ಸರಿಯಾಗಿ ಬರುತ್ತದೆ.

ಇನ್ನೊಂದು ಪರೀಕ್ಷೆಯನ್ನು ಮರೆಯಬಾರದು. ಫ್ಯಾರಡೆಯು 1833ರಲ್ಲಿ ಬೆಳ್ಳಿಯ ಸಲ್ಫೈಡಿನಲ್ಲಿ ಕಂಡಂತೆ, ಕೆಲವು ವಸ್ತುಗಳ ರೋಧವು ಬಿಸಿಯೇರಿದರೆ ಇಳಿಯುತ್ತದೆ. ಅನೇಕ ಬಾಯ್ಲರುಗಳಲ್ಲಿರುವ ಥರ್ಮಿಸ್ಟರಿನದು ಇದೇ ಜಾತಿ. ತಂತಿ ತುಂಡಾದರೆ ರೋಧ ಅನಂತ. ಪ್ಲಾಟಿನಮ್ಮನ್ನು ಬಲ್ಲ ನಿಯಂತ್ರಕಕ್ಕೆ ಅದು ಅತಿಯಾದ ಬಿಸಿಯೆಂದು ಕಂಡು ಉರಿ ಆರುತ್ತದೆ. ಥರ್ಮಿಸ್ಟರಿನದಾದರೆ ಅತಿಯಾದ ಚಳಿಯೆಂದು ಕಂಡು ಉರಿ ಏರಬಹುದು! ತುಂಡಾದ ತಂತಿಯನ್ನು ಗುರುತಿಸಿ ಉರಿಯನ್ನು ನಿಲ್ಲಿಸುವ ಏರ್ಪಾಡು ನಿಯಂತ್ರಕದಲ್ಲಿ ಉಂಟೆ, ಅದು ಕೆಲಸ ಮಾಡುತ್ತದೆಯೆ ಎಂದು ತಂತಿಯನ್ನು ಬಿಚ್ಚಿಯೂ, ಎರಡು ತುದಿಗಳನ್ನು ಕೂಡಿಸಿಯೂ ನೋಡಲೇಬೇಕು.

ವ್ಯಾಕರಣದಲ್ಲಿ ಆದೇಶ ಬಂದ ಮೇಲೆ ಸ್ಥಾನಿಯು ಹಿಂದಿರುಗುವುದಿಲ್ಲ. ಬಾಯ್ಲರಿನಲ್ಲಿ ಅದು ಹಿಂದಿರುಗಲೇಬೇಕು. ಪೆಟ್ಟಿಗೆಯನ್ನು 127 ಓಮಿಗೆ ತಿರುಗಿಸಿ ಮರೆತು ಹೋದರೆ, ನೀರು ಕುದಿದರೂ ನಿಯಂತ್ರಕವು ಎಪ್ಪತ್ತು ಡಿಗ್ರಿಯೆಂದೇ ನಂಬಿ ಉರಿಸುತ್ತಿರುತ್ತದೆ. ಆಮೇಲೆ ಕಾಯಬೇಕಾದದ್ದು ಬೇರೆಯಾಗಿ ಇರಿಸಿದ ಮಿತಿಸ್ವಿಚ್ಚು ಮತ್ತು ಸುರಕ್ಷಾ ಕವಾಟ ಮಾತ್ರ. ಆದುದರಿಂದ ಪೆಟ್ಟಿಗೆಯನ್ನು ತೆಗೆದು, ಸೆನ್ಸರನ್ನು ಮತ್ತೆ ಜೋಡಿಸಿ, ನೀರು ಕಾಯುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಪರೀಕ್ಷೆ ಮುಗಿಯಿತೆಂದು ತಿಳಿಯಬೇಕು.