ಬಂಪರಿನ ಹಿಂದಿರುವ ಚಾಸಿ

ಮೂಡಿಗೆರೆ ಕಡೆಯ ನನ್ನ ಗ್ಯಾರೇಜಿಗೆ ವಿಂಚ್ ಕೂರಿಸಿಕೊಳ್ಳಲು ಬರುವವರು ಮೊದಲು ವಿಚಾರಿಸುವುದು ಬಂಪರ್ ಹೇಗೆ ಕಾಣುತ್ತದೆ ಎಂದು. ನಾನು ಮೊದಲು ಗಾಡಿಯ ಕೆಳಗೆ ನುಗ್ಗಿ ಚಾಸಿಯ ಮುಂದಿನ ಎರಡು ತುದಿಗಳನ್ನು ನೋಡುತ್ತೇನೆ. ಹೂತ ಗಾಡಿಯನ್ನು ಎಳೆಯುವಾಗ ಅಷ್ಟೂ ಜಗ್ಗು ಬಂದು ಬೀಳುವುದು ಅಲ್ಲಿಗೆ.

ಎರಡನೇ ಮಹಾಯುದ್ಧದ ಕಾಲದ ಡಾಡ್ಜ್ ಎಂಜಿನಿಯರುಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರ ಮುಕ್ಕಾಲು ಟನ್ನಿನ ಮಿಲಿಟರಿ ಗಾಡಿಗಳಲ್ಲಿ ಡಬ್ಲ್ಯುಸಿ-51ಕ್ಕೆ ವಿಂಚ್ ಇರಲಿಲ್ಲ, ಡಬ್ಲ್ಯುಸಿ-52ಕ್ಕೆ ಇತ್ತು. ಅದಕ್ಕಾಗಿ ಚಾಸಿಯನ್ನೇ ಮುಂದಕ್ಕೆ ಉದ್ದ ಮಾಡಿ, ನಡುವೆ ಬ್ರಾಡೆನ್ ಕಂಪನಿಯ ವಿಂಚ್ ಕೂರಿಸಿ, ಬಂಪರನ್ನು ಅದರ ಆಚೆಗೆ ಸರಿಸಿದರು. ವಿಂಚ್ ತಿರುಗುತ್ತಿದ್ದುದು ಗಾಡಿಯ ಎಂಜಿನ್ನಿನಿಂದಲೇ: ಗೇರ್‌ಬಾಕ್ಸಿನ ಪಕ್ಕದಿಂದ ಹೊರಟ ಉದ್ದನೆಯ ಶಾಫ್ಟು, ಮುಂದೆ ವರ್ಮ್ ಗೇರು, ಆಮೇಲೆ ರೋಪು ಸುತ್ತುವ ಡ್ರಮ್ಮು. ಭಾರ ಮಿತಿ ಮೀರಿದರೆ ಬೇರೇನೂ ಒಡೆಯದಂತೆ ತಾನು ಮೊದಲು ತುಂಡಾಗಲೆಂದೇ ಒಂದು ಪಿನ್ನು ಇಟ್ಟಿರುತ್ತಿದ್ದರು. ಆ ಪುಟ್ಟ ಪಿನ್ನನ್ನು ಯೋಚಿಸಿದವರ ಬಗ್ಗೆ ನನಗೆ ತುಂಬಾ ಗೌರವವಿದೆ.

ಯುದ್ಧ ಮುಗಿದು 1946ರಲ್ಲಿ ಅದೇ ವಂಶದ ಪವರ್ ವ್ಯಾಗನ್ ಮಾರುಕಟ್ಟೆಗೆ ಬಂತು. ಅಮೆರಿಕದ ರೈತರು, ಮರ ಸಾಗಿಸುವವರು, ಕರೆಂಟ್ ಲೈನ್ ಎಳೆಯುವವರು ಅದನ್ನು ಕೊಂಡರು. ಅವರಿಗೆ ವಿಂಚ್ ಎಂದರೆ ದಿನದ ಕೂಲಿ ಕೆಲಸದ ಸಾಧನ. ಒಂದೇ ಕೊರತೆ: ಹಳ್ಳ ದಾಟುವಾಗ ಎಂಜಿನ್ ನಿಂತರೆ ವಿಂಚೂ ನಿಂತಿತು.

ಆ ಕೊರತೆಗೆ ಉತ್ತರ ಬ್ಯಾಟರಿಯಲ್ಲಿತ್ತು. ಆರ್ಥರ್ ವಾರ್ನ್ 1948ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಜೀಪುಗಳ ಮುಂಗಾಲಿಗೆ ಲಾಕಿಂಗ್ ಹಬ್ ಮಾಡಿಕೊಡುತ್ತಾ ಶುರುಮಾಡಿದ ಕಂಪನಿ 1959ರಲ್ಲಿ ಎಲೆಕ್ಟ್ರಿಕ್ ವಿಂಚ್ ತಂದಿತು. ಅವರ 8274 ಎಂಬ ಮಾದರಿಯ ಹೆಸರಿನಲ್ಲೇ ಅದರ ಜಾತಕವಿದೆ: 8,000 ಪೌಂಡ್ ಎಳೆತ, 1974ನೇ ಇಸವಿ. ಎಂಜಿನ್ ಕೆಟ್ಟರೂ ಎಳೆಯುತ್ತದೆ, ಶಾಫ್ಟಿನ ಹಂಗಿಲ್ಲ, ಯಾವ ಗಾಡಿಗಾದರೂ ಕೂರುತ್ತದೆ. ಇಲ್ಲಿಯೇ ಎಡವಟ್ಟೂ ಆಯಿತು ಎನ್ನುತ್ತೇನೆ. ಕಾರ್ಖಾನೆ ಚಾಸಿಯೊಂದಿಗೆ ಬೆಸೆದಿದ್ದ ವಸ್ತು ಅಂಗಡಿಯ ಡಬ್ಬಿಯಲ್ಲಿ ಸಿಗತೊಡಗಿತು. ಅಷ್ಟರಲ್ಲಿ ಪಿಕಪ್ ಮನೆಮಂದಿಯ ಗಾಡಿಯಾಗಿ, ಬಂಪರ್ ಹೊಳಪಿನ ತೆಳು ತಗಡಾಗಿತ್ತು. ಅದಕ್ಕೆ ವಿಂಚ್ ಬಿಗಿದರೆ ಮೊದಲ ಜಗ್ಗಿಗೇ ಕಿತ್ತು ಬರುತ್ತದೆ.

ದಪ್ಪ ಬಂಪರಿಗೆ ಇನ್ನೊಂದು ತವರು ಆಸ್ಟ್ರೇಲಿಯಾ. ಅಲ್ಲಿ ರಾತ್ರಿ ಕಾಂಗರೂ ಅಡ್ಡ ಬಂದು ರೇಡಿಯೇಟರ್ ಒಡೆದರೆ ನೀರಿಲ್ಲದ ಬಯಲಲ್ಲಿ ಜೀವಕ್ಕೇ ಸಂಚಕಾರ. ಮೆಲ್ಬರ್ನಿನ ಆಂಟನಿ ರೊನಾಲ್ಡ್ ಬ್ರೌನ್ 1975ರಲ್ಲಿ ಹುಟ್ಟುಹಾಕಿದ ಎಆರ್‌ಬಿ ಕಂಪನಿ ಇಂಥ ಬುಲ್ ಬಾರ್‌ಗಳಿಂದಲೇ ಹೆಸರಾಯಿತು. ಪ್ಲಾನೆಟರಿ ಗೇರಿನ ತಗ್ಗು ವಿಂಚ್‌ಗಳು ಬಂದ ಮೇಲೆ ಬಂಪರಿನ ಹೊಟ್ಟೆಯಲ್ಲೇ ವಿಂಚ್ ಅಡಗಿತು. 2005ರಲ್ಲಿ ಡಾಡ್ಜ್ ಪವರ್ ವ್ಯಾಗನ್ ಹೆಸರನ್ನು ಮತ್ತೆ ತಂದಾಗ, 12,000 ಪೌಂಡಿನ ವಾರ್ನ್ ವಿಂಚ್ ಕಾರ್ಖಾನೆಯಿಂದಲೇ ಕೂತು ಬಂತು.

ಈಗಲೂ ನಾನು ಬಂಪರಿಗೆ ವಿಂಚ್ ಬಿಗಿಯುವುದಿಲ್ಲ. ದಪ್ಪ ಪ್ಲೇಟಿನ ತೊಟ್ಟಿಲು ಮಾಡಿ, ಹೈಟೆನ್ಸೈಲ್ ಬೋಲ್ಟಿನಲ್ಲಿ ಚಾಸಿಯ ಎರಡೂ ಪಕ್ಕಕ್ಕೆ ಹಿಡಿಸಿ, ವಿಂಚನ್ನು ಅದರ ಮೇಲೆ ಕೂರಿಸುತ್ತೇನೆ, ಬಂಪರ್ ಕೊನೆಗೆ. ವಿಂಚೊಂದೇ 40 ಕಿಲೋ ಆಸುಪಾಸು ತೂಗುತ್ತದೆ, ಆದ್ದರಿಂದ ಮುಂದಿನ ಸ್ಪ್ರಿಂಗನ್ನೂ ನೋಡಬೇಕು. ಪೂರ್ತಿ ಭಾರಕ್ಕೆ ಮೋಟರು ಸುಮಾರು 400 ಆಂಪಿಯರ್ ಕುಡಿಯುತ್ತದೆ. ಸಣ್ಣ ಕೇಬಲ್ ಹಾಕಿದರೆ ಬೆಂಕಿ.

ಇದೆಲ್ಲ ತೋಟದೊಳಗೆ ಮತ್ತು ಸ್ಪರ್ಧೆಯಲ್ಲಿ ಓಡುವ ಗಾಡಿಗಳಿಗೆ ಮಾತ್ರ. 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ, ಬುಲ್ ಬಾರ್ ಹಾಕುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧವೆಂದು ರಾಜ್ಯಗಳಿಗೆ ಬರೆಯಿತು. ಅದು ಸರಿಯಾದದ್ದೇ. ನಮ್ಮ ರಸ್ತೆಯಲ್ಲಿ ಆ ಕಬ್ಬಿಣ ಮೊದಲು ತಾಗುವುದು ನಡೆದು ಹೋಗುವವರಿಗೆ. ರಸ್ತೆಗಿಳಿಯುವ ಪಿಕಪ್‌ನವರು ಬಂದರೆ ಕೈಯಲ್ಲಿ ಎಳೆಯುವ ಹ್ಯಾಂಡ್ ವಿಂಚ್, ಮರಕ್ಕೆ ಸುತ್ತಲು ಅಗಲ ಬೆಲ್ಟು, ಎರಡು ಶ್ಯಾಕಲ್ ಕೊಡಿಸಿ, ಹಿಂದಿನ ತೊಟ್ಟಿಯಲ್ಲಿ ಇಟ್ಟುಕೊಳ್ಳಿ ಎನ್ನುತ್ತೇನೆ.