ನರದ ಮೇಲೆ ಹೆಸರು ಬರೆದ ಕೈ

ನಮ್ಮ ಕಳವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆಗೆ ಹೊಂದಿಕೊಂಡ ವೈದ್ಯಕೀಯ ಮಹಾವಿದ್ಯಾಲಯದಲ್ಲಾಗಲಿ, ನಾಡಿನ ಬೇರೆಲ್ಲಿಯೇ ಆಗಲಿ, ಅಂಗರಚನಾಶಾಸ್ತ್ರವನ್ನು ಓದುವವರಿಗೆ ಗ್ರೇ ಎಂಬ ಹೆಸರು ಹೊಸದಲ್ಲ. ಆದರೆ ಆ ಗ್ರಂಥಕ್ಕೆ ಮೊದಲು ಚಿತ್ರ ಬರೆದ ಕೈ ಮೂವತ್ತು ವರ್ಷ ಮುಂಬಯಿ ಪ್ರಾಂತದಲ್ಲಿಯೇ ದುಡಿಯಿತೆಂಬುದನ್ನು ಬಲ್ಲವರು ವಿರಳ.

ಹೆನ್ರಿ ವ್ಯಾಂಡೈಕ್ ಕಾರ್ಟರ್ ಅವರು 1831ರಲ್ಲಿ ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ ಚಿತ್ರಕಾರನೊಬ್ಬನ ಮಗನಾಗಿ ಹುಟ್ಟಿದರು. ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಹೆನ್ರಿ ಗ್ರೇ ಅವರೊಡನೆ ಶವಚ್ಛೇದನ ಮಾಡಿ, ಕಂಡುದನ್ನು ಕಂಡಂತೆ ಬರೆದರು. ಮರದ ಅಚ್ಚಿನಲ್ಲಿ ಎಡ-ಬಲ ಅದಲುಬದಲಾಗುವುದರಿಂದ ಚಿತ್ರವನ್ನು ಕನ್ನಡಿಯ ಬಿಂಬದಂತೆ ಬಿಡಿಸಬೇಕಾಗಿತ್ತು. 1858ರಲ್ಲಿ ಗ್ರಂಥ ಹೊರಬಂದಾಗ ಅದರಲ್ಲಿ 363 ಚಿತ್ರಗಳಿದ್ದವು.

ಅದಕ್ಕೆ ಮೊದಲಿನ ಅನೇಕ ಪುಸ್ತಕಗಳಲ್ಲಿ ನರಕ್ಕೊಂದು ಅಂಕೆ ಕೊಟ್ಟು, ಅದರ ಹೆಸರನ್ನು ಪುಟದ ಕೆಳಗೆ ಹುಡುಕಿಸುತ್ತಿದ್ದರು. ಕಾರ್ಟರರ ಚಿತ್ರಗಳಲ್ಲಿ ಹೆಸರು ನರದ ಜೊತೆಗೇ, ಅದು ಸಾಗುವ ದಾರಿಯಲ್ಲೇ ಸಾಗಿತು. ವಿದ್ಯಾರ್ಥಿಯ ಕಣ್ಣು ಅಲೆಯುವುದು ತಪ್ಪಿತು. ಇಷ್ಟು ಮಾಡಿದವರಿಗೆ ದೊರೆತುದು ಒಂದೇ ಬಾರಿ 150 ಪೌಂಡು. ಗ್ರೇ ಅವರಿಗಾದರೋ ಸಾವಿರ ಪ್ರತಿಗಳಿಗೆ ಅಷ್ಟೇ ಹಣ ಸಲ್ಲುವ ಒಪ್ಪಂದವಿತ್ತು. ಮುಖಪುಟದ ಕರಡಿನಲ್ಲಿ ಕಾರ್ಟರರ ಹೆಸರನ್ನು ಚಿಕ್ಕದಾಗಿಸಿದವರೂ ಗ್ರೇ ಅವರೇ. ಪರರ ಅಂಗಗಳಿಗೆ ಹೆಸರು ಹಚ್ಚಿದವರ ಹೆಸರೇ ಹೀಗೆ ಮಸುಕಾಯಿತು.

ಪುಸ್ತಕ ಹೊರಬರುವ ಮೊದಲೇ ಕಾರ್ಟರರು ಮುಂಬಯಿಗೆ ಬಂದಿದ್ದರು. ಠಾಣೆಯಿಂದ ನಮ್ಮ ಕಳವಾ ದಾಟಿ ಕಲ್ಯಾಣಕ್ಕೆ ರೈಲು ಹರಿಯತೊಡಗಿ ಆಗ ನಾಲ್ಕು ವರ್ಷವಾಗಿತ್ತು. ಅವರು ಬಾಯ್ಕಳಾದ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆಯನ್ನು ಕಲಿಸಿದರು. ಸಾತಾರೆಯಲ್ಲಿ ಸಿವಿಲ್ ಸರ್ಜನ್ ಆಗಿದ್ದರು. ಧಾರವಾಡ, ಬೆಳಗಾವಿಗಳೂ ಅಂದು ಇದೇ ಪ್ರಾಂತಕ್ಕೆ ಸೇರಿದ್ದವು. ಅವರ ಗಮನವನ್ನು ಬಹುವಾಗಿ ಸೆಳೆದ ವ್ಯಾಧಿ ಕುಷ್ಠ. ಅದು ನರಗಳನ್ನೇ ಹಿಡಿಯುವ ರೋಗ. 1873ರಲ್ಲಿ ನಾರ್ವೆಗೆ ಹೋಗಿ ಹ್ಯಾನ್ಸನ್ನರ ಸಂಶೋಧನೆಯನ್ನು ಕಂಡುಬಂದು, ಮರುವರ್ಷ ಈ ರೋಗವನ್ನು ಕುರಿತು ಸಚಿತ್ರ ಗ್ರಂಥ ಹೊರತಂದರು. 1888ರಲ್ಲಿ ಸ್ವದೇಶಕ್ಕೆ ಮರಳಿ, 1897ರಲ್ಲಿ ತೀರಿಕೊಂಡರು.

ಮೊಣಕೈ ತಗುಲಿದಾಗ ಕಿರುಬೆರಳಿನವರೆಗೂ ಮಿಂಚು ಹರಿದಂತಾಗುವುದನ್ನು ಅನುಭವಿಸದವರಾರು? ಆ ಮಿಂಚಿನ ಹಾದಿಯಲ್ಲಿರುವ ನರವೇ ಕುಷ್ಠದಲ್ಲಿ ಹಲವೊಮ್ಮೆ ದಪ್ಪವಾಗುತ್ತದೆ. ಕಿರುಬೆರಳು, ಉಂಗುರಬೆರಳು ಮರಗಟ್ಟುತ್ತವೆ. ಬೇಗ ಗುರುತಿಸಿದರೆ ಇಂದು ಗುಣವಾಗುವ ರೋಗವಿದು. ತಡವಾದರೆ ಬೆರಳು ಮಡಚಿಯೇ ನಿಂತೀತು.

ಹೊಟ್ಟೆಪಾಡಿಗೆಂದು ಊರು ಬಿಟ್ಟು ಇಲ್ಲಿಗೆ ಬಂದ ಕನ್ನಡದ ಕೂಲಿಕಾರನು ವೈದ್ಯರ ಮುಂದೆ ಕುಳಿತು, 'ಕೈ ಜೋಮು ಹಿಡಿದಿದೆ' ಎನ್ನುತ್ತಾನೆ. ಆ ಒಂದು ಮಾತು ವೈದ್ಯರಿಗೆ ತಿಳಿಯುವುದೋ ಇಲ್ಲವೋ ಎಂಬುದರ ಮೇಲೆ ಅವನ ಕೈ, ಅವನ ಅನ್ನ ನಿಂತಿವೆ. ವೈದ್ಯ ವಿದ್ಯೆ ಕಲಿಯುವ ನಮ್ಮ ಮಕ್ಕಳು ನರಗಳ ಚಿತ್ರ ಬರೆಯುವಾಗ ಇಂಗ್ಲಿಷ್ ಹೆಸರಿನ ಪಕ್ಕದಲ್ಲಿ ಮಿದುಳು, ಬೆನ್ನುಹುರಿ, ನರ, ಜೋಮು ಎಂದು ಕನ್ನಡದಲ್ಲಿಯೂ ಬರೆದುಕೊಳ್ಳಲಿ. ನಾವು, ಹಿರಿಯರು, ಮನೆಯಲ್ಲಿ ಆ ಮಾತುಗಳನ್ನು ಆಡುತ್ತಲೇ ಇರೋಣ.