ತಲಬಾಗಿಲ ಚಿಲಕಕ್ಕೆ ಮೂರು ಸಾವಿರ ವರ್ಷ

ಬಸ್ಸಲ್ಲಿ ಕೂತು ಕೇಳ್ತಿದ್ರೂ ಸರಿ, ಹೊಲದ ಬದುವಿನ ಮೇಲೆ ನಡೀತಾ ಕೇಳ್ತಿದ್ರೂ ಸರಿ, ಇವತ್ತು ಒಂದು ಸಣ್ಣ ವಸ್ತುವಿನ ದೊಡ್ಡ ಇತಿಹಾಸ ಹೇಳ್ತೀನಿ. ಅದು ನಿಮ್ಮ ಮನೆ ತಲಬಾಗಿಲ ಚಿಲಕ.

ನಮ್ಮ ಹುಲಗೂರು, ಶಿಗ್ಗಾಂವಿ, ಸವಣೂರು ಕಡೆ ಮನೆ ಕಟ್ಟಿಸೋರಿಗೆ ಪಾಯ, ಕಂಬ, ಸ್ಲ್ಯಾಬು ಎಲ್ಲದರ ಲೆಕ್ಕ ಬಾಯಿಪಾಠ. ಚಿಲಕ, ಹಿಡಿಕೆ, ಬಿಜಾಗರಿ, ಕೀಲಿಯ ಸರದಿ ಬರೋದು ಕಟ್ಟಕಡೆಗೆ, ಸಾಲದ ದುಡ್ಡು ತಳ ಕಂಡಾಗ. ಅಂಗಡಿಯವರು ಬಂಗಾರದ ಹೊಳಪು, ಬೆಳ್ಳಿ ಹೊಳಪು, ಮಂಕು ಕಪ್ಪು, ‘ಆಂಟಿಕ್’ ಅಂತ ಸಾಲಾಗಿ ಇಡ್ತಾರೆ. ಗೃಹಪ್ರವೇಶದ ದಿನ ಎಲ್ಲವೂ ಚೆಂದವೇ. ಎರಡು ಮಳೆಗಾಲ ಕಳೆದ ಮೇಲೆ ಯಾವುದು ಚೆಂದ ಉಳಿಯುತ್ತೆ? ಮನೆ ಸೋರುವುದನ್ನೇ ತತ್ವಪದ ಮಾಡಿ ಹಾಡಿದ ಶಿಶುನಾಳ ಶರೀಫರ ಊರು ಇಲ್ಲೇ ನಮ್ಮ ತಾಲ್ಲೂಕಿನಲ್ಲಿದೆ. ಮಳೆ ಮನೆಗೆ ಏನು ಮಾಡುತ್ತೆ ಅಂತ ನಮಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಕಥೆ ಶುರುವಾಗೋದೂ ನಮ್ಮ ಜಿಲ್ಲೆಯಲ್ಲೇ. ಹಿರೇಕೆರೂರು ಭಾಗದಲ್ಲಿ, ತುಂಗಭದ್ರೆಯ ದಂಡೆ ಮೇಲೆ ಹಳ್ಳೂರು ಅಂತ ಊರಿದೆ. 1965ರಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ಮಾಡಿದಾಗ ಕಬ್ಬಿಣದ ಬಾಣದ ಮೊನೆಗಳು ಸಿಕ್ಕವು. ಇಂಗಾಲದ ಕಾಲನಿರ್ಣಯದ ಪ್ರಕಾರ ಅವು ಸುಮಾರು ಮೂರು ಸಾವಿರ ವರ್ಷ ಹಳೆಯವು. ದಕ್ಷಿಣ ಭಾರತದ ಕಬ್ಬಿಣದ ಚರಿತ್ರೆ ಬರೆಯೋರು ಹಳ್ಳೂರನ್ನು ದಾಟಿ ಹೋಗೋಕಾಗಲ್ಲ.

ಆದ್ರೆ ಕಬ್ಬಿಣ ಬಂದ ಕೂಡಲೇ ಬಾಗಿಲಿಗೆ ಕಬ್ಬಿಣ ಬರಲಿಲ್ಲ. ಹಳೆ ಬಾಗಿಲಿಗೆ ಬಿಜಾಗರಿಯೇ ಇರ್ತಿರಲಿಲ್ಲ. ಹೊಸ್ತಿಲಲ್ಲೊಂದು, ಮೇಲಿನ ತೊಲೆಯಲ್ಲೊಂದು ಕುಳಿ. ಆ ಕುಳಿಗಳಲ್ಲಿ ಬಾಗಿಲ ಗೂಟ ತಿರುಗೋದು. ಒಳಗಿಂದ ಮರದ ಅಗಳಿ ಹಾಕಿದ್ರೆ ಮುಗೀತು. ಆಮೇಲೆ ಕಂಬಾರ ಬಡಿದ ಸರಪಳಿ ಚಿಲಕ, ಕೊಂಡಿ ಬಂದವು. ಅವಕ್ಕೆ ಫಿನಿಶ್ ಅಂದ್ರೆ ಎಣ್ಣೆ, ಅಷ್ಟೇ. ಎಣ್ಣೆ ಸವರಿದ್ರೆ ನೀರು ನಿಲ್ಲಲ್ಲ, ಮರೆತ್ರೆ ಜಂಗು ಹಿಡಿಯುತ್ತೆ. ಕಬ್ಬಿಣದ ಜಂಗು ಪದರಪದರವಾಗಿ ಉದುರ್ತಾ ಒಳಗಿನ ಲೋಹವನ್ನೂ ತಿನ್ನುತ್ತೆ.

ಉಳ್ಳವರ ಮನೆಗೆ ಹಿತ್ತಾಳೆ. ತಾಮ್ರಕ್ಕೆ ಸತು ಬೆರೆಸಿದ್ರೆ ಹಿತ್ತಾಳೆ. ಇದಕ್ಕೆ ಜಂಗು ಹಿಡಿಯಲ್ಲ, ಮೈ ಮಂಕಾಗುತ್ತೆ. ಹುಣಸೆಹಣ್ಣಿನ ಹುಳಿ ಆ ಮಂಕನ್ನು ಕರಗಿಸುತ್ತೆ. ಅದಕ್ಕೇ ಅಜ್ಜಿಯರು ಹಬ್ಬದ ಮುಂಚೆ ಹುಣಸೆಹಣ್ಣು ಹಚ್ಚಿ ತಿಕ್ಕೋದು. ಅಂದ್ರೆ ಹಿತ್ತಾಳೆಯ ಹೊಳಪಿಗೂ ಒಂದು ಬೆಲೆ ಇತ್ತು. ಅದನ್ನು ಮನೆಯ ಹೆಣ್ಣುಮಕ್ಕಳ ಕೈ ಕಟ್ಟುತ್ತಿತ್ತು, ಯಾವ ಲೆಕ್ಕದ ಪುಸ್ತಕದಲ್ಲೂ ಬರೀಲಿಲ್ಲ.

ಕಪ್ಪು ಫಿನಿಶ್ ಹೊಸ ಫ್ಯಾಷನ್ ಅಂದ್ಕೊಂಡಿದ್ರೆ ಬೀದರ್ ನೆನಪಿಸಿಕೊಳ್ಳಿ. ಬಿದರಿ ಪಾತ್ರೆಯಲ್ಲಿ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಕೋಟೆಯ ಮಣ್ಣು, ನವಸಾಗರ ಕಲಸಿದ ನೀರು ತಾಗಿದ್ರೆ ಲೋಹದ ಮೈ ಕಪ್ಪಾಗುತ್ತೆ, ಬೆಳ್ಳಿಯ ಗೆರೆ ಮಾತ್ರ ಹೊಳೀತಾ ಉಳಿಯುತ್ತೆ. ಅದು ಬಳಿದ ಬಣ್ಣ ಅಲ್ಲ, ಲೋಹದ ಮೈಯೇ ಬದಲಾಗೋದು.

ಮುಂದಿನ ತಿರುವು ಕಾರ್ಖಾನೆಗಳದ್ದು. 1837ರಲ್ಲಿ ಫ್ರಾನ್ಸಿನ ಸೊರೆಲ್, ಕಬ್ಬಿಣಕ್ಕೆ ಸತುವಿನ ಹೊದಿಕೆ ಹಾಕೋ ವಿಧಾನಕ್ಕೆ ಪೇಟೆಂಟ್ ಪಡೆದ. 1897ರಲ್ಲಿ ಅರ್ದೇಶಿರ್ ಗೋದ್ರೆಜ್ ಮುಂಬಯಿಯಲ್ಲಿ ಕೀಲಿ ತಯಾರಿಕೆ ಶುರು ಮಾಡಿದ್ರು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಕ್ರೋಮಿಯಂ ಬೆರೆಸಿದ ಉಕ್ಕು ಮಾಡಿದ. ಅದೇ ಸ್ಟೇನ್‌ಲೆಸ್ ಸ್ಟೀಲ್. ಕ್ರೋಮಿಯಂ ಗಾಳಿ ಜೊತೆ ಸೇರಿ ಕಣ್ಣಿಗೆ ಕಾಣದ ತೆಳು ಪದರ ಕಟ್ಟುತ್ತೆ. ಗೀರು ಬಿದ್ರೆ ಪದರ ತಾನೇ ಮತ್ತೆ ಕೂಡುತ್ತೆ. ಎಣ್ಣೆ, ಹುಣಸೆಹಣ್ಣು ಹಿಡಿದ ಕೈಗಳು ಮಾಡ್ತಿದ್ದ ಕೆಲಸವನ್ನು ಈಗ ಲೋಹವೇ ಮಾಡ್ಕೊಳ್ಳುತ್ತೆ.

ಸರಿ, ಈ ಇತಿಹಾಸ ಹಾರ್ಡ್‌ವೇರ್ ಅಂಗಡಿಯಲ್ಲಿ ಯಾಕೆ ಬೇಕು? ಯಾಕಂದ್ರೆ ಅಲ್ಲಿ ಕಾಣೋದು ಮೇಲಿನ ಮೈ, ಬಾಳಿಕೆ ಇರೋದು ಒಳಗಿನ ಲೋಹದಲ್ಲಿ. ಬಂಗಾರದ ಬಣ್ಣ ಇದ್ದದ್ದೆಲ್ಲ ಹಿತ್ತಾಳೆ ಅಲ್ಲ. ಒಂದು ಅಯಸ್ಕಾಂತ ಜೇಬಲ್ಲಿ ಇಟ್ಕೊಂಡು ಹೋಗಿ. ಗಟ್ಟಿಯಾಗಿ ಅಂಟಿದ್ರೆ ಒಳಗಿರೋದು ಬಹುತೇಕ ಕಬ್ಬಿಣ. ಅಂಟದಿದ್ರೆ ಹಿತ್ತಾಳೆಯೇ ಅಂತ ಖಾತ್ರಿ ಇಲ್ಲ, ಸತುವಿನ ಮಿಶ್ರಲೋಹವೂ ಅಂಟಲ್ಲ. ಕೈಯಲ್ಲಿ ತೂಗಿ ನೋಡಿ: ಅದೇ ಗಾತ್ರದ ಗಟ್ಟಿ ಹಿತ್ತಾಳೆ ಸತುವಿನದಕ್ಕಿಂತ ಭಾರ.

ಸ್ಟೀಲ್ ಆದ್ರೆ ಗ್ರೇಡ್ ಕೇಳಿ. 304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತೆ. 202 ಅಗ್ಗ, ಅದರಲ್ಲಿ ನಿಕಲ್ ಕಡಿಮೆ, ಮಳೆಗೆ ಬೇಗ ಕಲೆ ಬೀಳುತ್ತೆ. ನಮ್ಮ ಅರೆಮಲೆನಾಡಿನ ಮಳೆಗೆ 304 ಸಾಕು. ಕಾರವಾರದ ಉಪ್ಪುಗಾಳಿ ಬೀಸೋ ಕಡೆ ಮಾಲಿಬ್ಡಿನಮ್ ಬೆರೆತ 316 ಬೇಕು. ಕಪ್ಪು ಬೇಕಾದ್ರೆ ಪೌಡರ್ ಕೋಟಿಂಗ್ ಇದೆ. ಆದ್ರೆ ಅದಕ್ಕೆ ಗೀರು ಬಿದ್ರೆ ತಾನೇ ಕೂಡಲ್ಲ. ನಿರ್ವಾತದಲ್ಲಿ ಲೋಹದ ಆವಿ ಕೂರಿಸೋ ಪಿವಿಡಿ ಹೆಚ್ಚು ಗಟ್ಟಿ, ಬೆಲೆಯೂ ಹೆಚ್ಚು. ಇನ್ನೊಂದು, ಹಿತ್ತಾಳೆ ಹಿಡಿಕೆಗೆ ಕಬ್ಬಿಣದ ಸ್ಕ್ರೂ ಹಾಕಿಸಬೇಡಿ. ಎರಡು ಲೋಹ ಒದ್ದೆಯಲ್ಲಿ ಕೂಡಿದ್ರೆ ಕಬ್ಬಿಣ ಇನ್ನೂ ಬೇಗ ಸವೆಯುತ್ತೆ.

ನಾನು ಓದಿದ್ದು ಕಾಮರ್ಸ್. ನಮ್ಮ ಲೆಕ್ಕದಲ್ಲಿ ವಸ್ತುವಿನ ಬೆಲೆ ಅಂದ್ರೆ ಬಿಲ್ಲಿನ ಮೊತ್ತ ಅಲ್ಲ, ಆ ಮೊತ್ತವನ್ನು ಅದು ಬಾಳೋ ವರ್ಷಗಳಿಗೆ ಹಂಚಿದಾಗ ಬರೋದು. ಜೊತೆಗೆ ಇನ್ನೊಂದು ಸಾಲು ಸೇರಿಸಿ: ಅದನ್ನು ತಿಕ್ಕೋರು ಯಾರು? ಹಿತ್ತಾಳೆ ತಗೊಳ್ಳಿ, ಚೆಂದವೇ. ಆದ್ರೆ ಹುಣಸೆಹಣ್ಣು ಹಿಡಿಯೋ ಕೈ ಯಾರದ್ದು ಅಂತ ಮನೆಯಲ್ಲಿ ಮೊದಲೇ ಮಾತಾಡ್ಕೊಳ್ಳಿ. ಅವ್ವನದ್ದೇ ಆಗಿರಬೇಕು ಅಂತೇನಿಲ್ಲ.

ನಿಮ್ಮೂರಿನ ಹಳೆ ಬಾಗಿಲ ಅಗಳಿ, ಚಿಲಕದ ಫೋಟೊ ಇದ್ರೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.